ಎಡಕ್ಕೆ ತೆರೆವ ಬೀಸಣಿಗೆಗಳು

ಈ ಊರಲ್ಲಿ ಏನು ಒದ್ದೆಯಾದರೂ ಮಳೆಯನ್ನೇ ಬೈಯುತ್ತಾರೆ.
ಇದು ಮಳೆಯ ಕೆಲಸವಲ್ಲ. ಮಾರ್ಚ್ ತಿಂಗಳು.
ಮೇಲಿನ ಮನೆಯ ವಾಷಿಂಗ್ ಮೆಷಿನ್ನಿನ ಪೈಪು ಕಳಚಿ
ನಮ್ಮ ಸೀಲಿಂಗಿನಲ್ಲಿ ಚಾ ಚೆಲ್ಲಿದಂತೆ ಕಲೆ,
ಕಲೆಯ ನಡುವೆ ಹಪ್ಪಳದ ಹಾಗೆ ಉಬ್ಬಿದ ಲೇಪ,
ಪೂವಿಯ ದಿಂಬಿನ ಮೇಲೆ
ದಿನಕ್ಕೊಂದು ಚಿಟಿಕೆ ಬಿಳಿ ಪುಡಿ.

ಎರಡು ದಿನ ರಜೆ ಬರೆದುಕೊಟ್ಟೆ.
ಮಡಿಕೇರಿ ಗೋಣಿಕೊಪ್ಪ ಬಸ್ಸಿನಲ್ಲಿ ಹನ್ನೊಂದು ವರ್ಷ
ತಿರುವಿಗೆ ತಿರುವು ಅಲುಗುವ ನೆಲದ ಮೇಲೆ
ಕೈಬಿಟ್ಟು ನಿಂತು ಚಿಲ್ಲರೆ ಎಣಿಸಿದವಳಿಗೆ
ಏಣಿ ಏನು ಮಹಾ!

ಗಡಿಯಾರ ಕಂಬದ ಹತ್ತಿರ ಪೇಂಟಂಗಡಿಯ ಮೊಯ್ದು
ಡಬ್ಬ ಕಟ್ಟುತ್ತಾ ಹೇಳಿದ:
ಮೊದಲು ನೀರು ಚಿಮುಕಿಸಿ, ಆಮೇಲೆ ಕೆರೆಯಿರಿ,
ಒಣಗಿದ್ದನ್ನು ಕೆರೆದರೆ ಗಟ್ಟಿಯಿರುವುದೂ ಕಿತ್ತು ಬರುತ್ತದೆ.
ಕಲೆಗೆ ಪ್ರೈಮರ್ ಬಿಡಬೇಡಿ,
ಹತ್ತು ಕೋಟು ಬಳಿದರೂ ಆ ಚಾ ಮೇಲೆದ್ದು ಬರುತ್ತದೆ.
ಪೇಸ್ಟು ದೋಸೆ ಹಿಟ್ಟಿಗಿಂತ ಗಟ್ಟಿ,
ಕಡಂಬುಟ್ಟಿಗಿಂತ ತೆಳು.
ಡಿಸೈನಿಗೆ ಮಾತ್ರ ನಾನು ಜವಾಬ್ದಾರನಲ್ಲ ಮೇಡಂ,
ಅದು ಅವರವರ ಕೈ.

ಆರು ವರ್ಷ ಮಲಗಿ ನೋಡಿದಾಗ
ಅವು ಚಿಪ್ಪುಗಳಾಗಿದ್ದವು, ಮೀನಿನ ಪೊರೆಯಾಗಿದ್ದವು,
ಪೂವಿಗೆ ಜ್ವರ ಬಂದ ರಾತ್ರಿ ನೂರು ಕಿವಿಗಳಾಗಿದ್ದವು.
ಏಣಿಯ ಮೇಲಿಂದ, ಗೇಣು ದೂರದಲ್ಲಿ,
ಬರೀ ಬ್ರಶ್ಶಿನ ಬೀಸು.
ಒಂದರೊಳಗೆ ಸಿಕ್ಕಿಕೊಂಡ ಒಂದು ಕೂದಲು.
ಮೂಲೆಯಲ್ಲೊಂದು ಹೆಬ್ಬೆಟ್ಟು,
ಯಾರೂ ನೋಡರೆಂದು ಬಿಟ್ಟುಹೋದದ್ದು.

ಬಿಸ್ಕತ್ತಿನ ರಟ್ಟಿನ ಮೇಲೆ ಕಲಿತೆ. ಹದ ಬಂತು.
ಸೀಲಿಂಗಿಗೆ ಹಚ್ಚಿದೆ, ಹೊಂದಲಿಲ್ಲ.
ಒದ್ದೆಯಿರುವಾಗಲೇ ಬಳಿದು ತೆಗೆದೆ, ಮತ್ತೆ ಹಚ್ಚಿದೆ.
ಕೂದಲಲ್ಲಿ ಪೇಸ್ಟು, ರೆಪ್ಪೆಯಲ್ಲಿ ಪೇಸ್ಟು, ಕುತ್ತಿಗೆ ಹಿಡಿದು ಹೋಯಿತು.
ಕಿಟಕಿಯಾಚೆ ತೋಟವಿಡೀ ಕಾಫಿ ಹೂವು ಬಿರಿದು
ವಾಸನೆ ಒಳಗೆ ನುಗ್ಗಲು ನೋಡಿ
ಪ್ರೈಮರಿನೆದುರು ಸೋತು ನಿಂತಿತ್ತು.
ಮೂರನೇ ಸಲವೂ ನನ್ನ ತೇಪೆ
ಬೇರೆ ರೂಟಿನ ಬಸ್ಸು ಹತ್ತಿದವನ ಹಾಗೆ
ಎಲ್ಲರ ನಡುವೆ ಎದ್ದು ಕಾಣುತ್ತಿತ್ತು.

ಆಮೇಲೆ ಕಂಡಿತು.
ನನ್ನ ಬೀಸಣಿಗೆ ಎಡದಲ್ಲಿ ಹೊರಟು ಬಲಕ್ಕೆ ತೆರೆಯುತ್ತದೆ.
ಅವನದು ಬಲದಲ್ಲಿ ಹೊರಟು ಎಡಕ್ಕೆ.
ಗೋಡೆಯಿಂದ ಗೋಡೆಗೆ, ಒಂದೂ ತಪ್ಪದೆ.
ಎಡಚ.

ಮನೆ ಮಾರಿದ ಎಸ್ಟೇಟ್ ರೈಟರಿಗೆ ಫೋನು ಮಾಡಿದೆ.
ಚದರಡಿಗೆ ಎಷ್ಟು ಕೊಟ್ಟರೆಂದು ಪೈಸೆ ಸಮೇತ ನೆನಪಿತ್ತು,
ಹೆಸರು ಮಾತ್ರ ನೆನಪಿರಲಿಲ್ಲ.

ಎಡಗೈಯಲ್ಲಿ ನೋಟು ಚಾಚಿದವರ ಮುಂದೆ
ಟಿಕೆಟ್ ಕೊಡದೆ ನಿಂತವಳು ನಾನು.
ಒಬ್ಬ ಮುದುಕನಿಗೆ, ಮಡಿಲಲ್ಲಿ ಮಗುವಿದ್ದ ಒಬ್ಬಳಿಗೆ,
ಬಸ್ಸಿಗೆ ಬಸ್ಸೇ ಕೇಳುವ ಹಾಗೆ, ಆ ಕೈ ಬೇಡ ಎಂದಿದ್ದೆ.
ಮನೆಯಲ್ಲಿ ಪೂವಿಯ ಎಡ ಮಣಿಕಟ್ಟಿನ ಮೇಲೆ
ಅತ್ತೆಯ ಬೆರಳು ಬಿದ್ದಾಗ
ಸಾರು ಬಡಿಸುತ್ತಾ ಸುಮ್ಮನಿದ್ದೆ.

ನನ್ನ ಎಡಗೈಯಲ್ಲಿ ಬ್ರಶ್ಶು ಹಿಡಿದು ನೋಡಿದೆ.
ಕುಡಿದವರ ನಡಿಗೆ.
ಕೊನೆಗೆ, ಪೂವೀ, ಬಾ ಇಲ್ಲಿ ಎಂದೆ.

ಬಂದಳು. ಒಂಬತ್ತು ವರ್ಷ, ಹಳೆ ಯೂನಿಫಾರ್ಮು.
ಬ್ರಶ್ಶನ್ನು ಬಲಗೈಗೆ ತೆಗೆದುಕೊಂಡಳು,
ನನ್ನ ಮುಖ ನೋಡುತ್ತಾ.
ಆ ಕೈ ಅಲ್ಲ, ಎಂದೆ.
ಗಂಟಲಿಗೆ ಸುಣ್ಣ ಹೋಗಿರಬೇಕು, ಮಾತು ಸರಿಯಾಗಿ ಹೊರಡಲಿಲ್ಲ.
ಅವಳ ಎರಡೂ ಕಾಲು ಬಿಗಿಯಾಗಿ ಹಿಡಿದು ಏಣಿಗೆ ಒರಗಿದೆ.

ಒಂದು ಬೀಸು. ಇನ್ನೊಂದು.
ಹಳೆಯದರ ಅಂಚಿಗೆ ಹೊಸದರ ಅಂಚು
ಪಕ್ಕದ ಸೀಟಿನವರು ಸರಿದು ಜಾಗ ಕೊಟ್ಟ ಹಾಗೆ.
ಅವ್ವಾ, ಇಲ್ಲಿ ಯಾರದೋ ಬೆರಳಿದೆ, ಎಂದಳು.
ಇರಲಿ ಬಿಡು, ಎಂದೆ.

ನಾಳೆ ಪೇಂಟು. ರೋಲರ್ ಒಂದೇ ದಿಕ್ಕಿಗೆ,
ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಎಲ್ಲ ಕಿತ್ತು ಬರುತ್ತದಂತೆ.
ತೇಪೆ ಈಗಲೂ ಒಂದಿಷ್ಟು ಹೆಚ್ಚೇ ಬೆಳ್ಳಗಿದೆ.
ಮೇಲೆ ಮೆಷಿನ್ನು ಮತ್ತೆ ಗಿರಗುಟ್ಟಲು ಶುರುವಾಗಿದೆ.

ರಾತ್ರಿ ಊಟಕ್ಕೆ ಕೂತಾಗ
ಪೂವಿ ಎಡಗೈಯಲ್ಲೇ ತುತ್ತೆತ್ತಿದಳು.
ಅತ್ತೆ ನನ್ನ ಮುಖ ನೋಡಿದರು.
ನಾನು ಸೀಲಿಂಗು ನೋಡಿದೆ.